ತಾಳಮದ್ದಳೆಯ ಸೆಷನ್: ರೀಪರ್‌ನಿಂದ ಪ್ರೊ ಟೂಲ್ಸ್‌ಗೆ, ಹಳೆಯದರಿಂದ ಹೊಸದಕ್ಕೆ

ಧ್ವನಿ ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಸಾಫ್ಟ್‌ವೇರುಗಳಲ್ಲಿ "ಪ್ರೊ ಟೂಲ್ಸ್ ಒಳ್ಳೆಯದಾ, ರೀಪರಾ?" ಎಂದು ಕೇಳುವ ಹುಡುಗರಿಗೆ ನಾನೊಂದು ಮರುಪ್ರಶ್ನೆ ಹಾಕುತ್ತೇನೆ. ಹೋದ ತಿಂಗಳು ಮಾಡಿದ ಮಿಕ್ಸನ್ನು ಈ ತಿಂಗಳ ರೆಕಾರ್ಡಿಂಗಿಗೆ ಕೂರಿಸಬೇಕಾದರೆ ನಿನ್ನ ಸಾಫ್ಟ್‌ವೇರಿನಲ್ಲಿ ಏನು ಮಾಡುತ್ತೀ? ಉತ್ತರ ತಡವಾದರೆ ಅವನಿಗೆ ಇನ್ನೂ ಬಿಡಿ ಹಾಡುಗಳ ಕೆಲಸವೇ ಬರುತ್ತಿದೆ ಎಂದು ಲೆಕ್ಕ. ಒಂದೇ ಬಗೆಯ ಕೆಲಸ ಸಾಲಾಗಿ ಬರುವವರಿಗೆ ಧ್ವನಿಯ ಗುಣ ತಿದ್ದುವ ಇಕ್ಯು ಎಷ್ಟು ಚಂದ ಎನ್ನುವುದಕ್ಕಿಂತ ಸೆಷನ್ ಇಂಪೋರ್ಟ್, ಅಂದರೆ ಹಳೆ ಕೆಲಸದ ಫೈಲಿನಿಂದ ಹೊಸದಕ್ಕೆ ತರುವ ವ್ಯವಸ್ಥೆ, ಹೇಗಿದೆ ಎನ್ನುವುದೇ ದೊಡ್ಡದು.

ನನಗೆ ಸಾಲಾಗಿ ಬರುವುದು ಮಳೆಗಾಲದ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ. ಮಳೆ ಹಿಡಿಯುವ ಮೊದಲು ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಆಮೇಲೆ ಕರಾವಳಿಯಲ್ಲಿ ಕೂಟಗಳು ಶುರು. ಉಡುಪಿ ಕಡೆಯ ಗೆಳೆಯರೊಬ್ಬರು ಲ್ಯಾಪ್‌ಟಾಪಿನಲ್ಲಿ ರೀಪರ್ ಹಾಕಿ ರೆಕಾರ್ಡ್ ಮಾಡುತ್ತಾರೆ, ನಾನು ಬೆಂಗಳೂರಿನಲ್ಲಿ ಕೂತು ಪ್ರೊ ಟೂಲ್ಸ್‌ನಲ್ಲಿ ಮಿಕ್ಸ್ ಮಾಡುತ್ತೇನೆ. ಹಾಡುವ ಭಾಗವತರಿಗೆ ಒಂದು ಮೈಕ್, ಮದ್ದಳೆಗೆ ಎರಡು, ಚೆಂಡೆಗೆ ಒಂದು, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ನೇರ ಲೈನ್, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳಿಗೆ ನಾಲ್ಕು, ಸಭೆಯ ಕಡೆ ಮುಖ ಮಾಡಿದ ಒಂದು ಜೋಡಿ. ಒಟ್ಟು ಹನ್ನೊಂದು ಚಾನೆಲ್. ಚಕ್ರತಾಳಕ್ಕೆ ಬೇರೆ ಮೈಕ್ ಇಲ್ಲ, ಅದು ಬೇಡವೆಂದರೂ ಎಲ್ಲ ಮೈಕಿಗೂ ಬಂದು ಕೂರುತ್ತದೆ. ಲಯ ಹಿಡಿಸುವ ಕ್ಲಿಕ್ ಸದ್ದು ಇಲ್ಲ, ಲಯದ ವೇಗ ಗುರುತಿಸಿದ ಟೆಂಪೊ ಮ್ಯಾಪ್ ಇಲ್ಲ, ಎರಡನೇ ಟೇಕ್ ಅಂತೂ ಇಲ್ಲವೇ ಇಲ್ಲ.

ಈ ಕೆಲಸದಲ್ಲಿ ಎರಡು ಸಾಗಣೆ ಇವೆ, ಎರಡಕ್ಕೂ ನಿಯಮ ಬೇರೆ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ಬರೀ ಧ್ವನಿ ಹೋಗುತ್ತದೆ, ಮತ್ತೇನೂ ಹೋಗುವುದಿಲ್ಲ ಎಂದೇ ಇಟ್ಟುಕೊಂಡು ತಯಾರಿ ಮಾಡಬೇಕು. ಅದೇ ಸಾಫ್ಟ್‌ವೇರಿನ ಹಳೆ ಸೆಷನ್ನಿನಿಂದ ಹೊಸದಕ್ಕೆ ತರುವಾಗ ಧ್ವನಿ ಒಂದು ಬಿಟ್ಟು ಉಳಿದದ್ದೆಲ್ಲ ಬೇಕು. ಇವೆರಡನ್ನೂ ಒಂದೇ ಎಂದುಕೊಂಡವರೇ ಸಾಫ್ಟ್‌ವೇರುಗಳ ನಡುವೆ ಧ್ವನಿಯ ತುಂಡುಗಳನ್ನು ಒಯ್ಯುವ ಎಎಎಫ್ ಫೈಲಿನೊಳಗೆ ಪ್ಲಗಿನ್ (ಇಕ್ಯು, ರಿವರ್ಬ್‌ನಂಥ ಸೇರ್ಪಡೆ ತಂತ್ರಾಂಶ) ಹುಡುಕುತ್ತಾ ಕೂರುತ್ತಾರೆ.

ರೀಪರ್ ಬಿಡುವ ಮೊದಲು

ರೀಪರಿನ ಆರ್‌ಪಿಪಿ ಫೈಲ್ ಬರೀ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾವ ಟ್ರ್ಯಾಕಿನಲ್ಲಿ ಯಾವ ಫೈಲ್ ಎಲ್ಲಿ ಶುರು ಎಂದು ಕಣ್ಣಿಗೇ ಕಾಣುತ್ತದೆ. ಹಾಳಾದ ಪ್ರಾಜೆಕ್ಟನ್ನು ರಿಪೇರಿ ಮಾಡಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ಕಂಡಿಲ್ಲ. ಆದರೆ ಪ್ರೊ ಟೂಲ್ಸ್‌ಗೆ ಅದು ಅರ್ಥವಾಗದು. ನಡುವೆ ಅನುವಾದ ಮಾಡಿಕೊಡುವ ಎಎಟ್ರಾನ್ಸ್‌ಲೇಟರ್‌ನಂಥ ಬೇರೆ ತಂತ್ರಾಂಶಗಳಿವೆ. ನೂರಾರು ತುಂಡುಗಳಿರುವ ನಾಟಕದ ಡೈಲಾಗ್ ಎಡಿಟ್ ಆಗಿದ್ದರೆ ಅದಕ್ಕೆ ದುಡ್ಡು ಹಾಕಬಹುದು. ಮೂರು ಗಂಟೆ ಒಂದೇ ಎಳೆಯಾಗಿ ಓಡಿದ ಕೂಟಕ್ಕೆ ಅದೆಲ್ಲ ಬೇಡ, ಪ್ರತಿ ಟ್ರ್ಯಾಕೂ ಸೊನ್ನೆಯಿಂದ ಶುರುವಾಗುವ ಒಂದೊಂದು ವೇವ್ ಫೈಲ್ ಆದರೆ ಸಾಕು.

ಗೆಳೆಯರಿಗೆ ನಾನು ಬರೆದುಕೊಟ್ಟ ಕ್ರಮ ಹೀಗಿದೆ. ಎಲ್ಲ ಟ್ರ್ಯಾಕಿನ ಎಫ್‌ಎಕ್ಸ್ (ಹಾಕಿದ ಪ್ಲಗಿನ್‌ಗಳು) ಬೈಪಾಸ್ ಮಾಡಿ, ಫೇಡರ್ 0 ಡಿಬಿಗೆ ತಂದು, ಪ್ಯಾನ್ (ಧ್ವನಿಯ ಎಡಬಲದ ಸ್ಥಾನ) ನಡುವಿಗೆ ಇಡಿ. ಇದನ್ನು ಬಿಟ್ಟರೆ ಅವೆಲ್ಲ ಫೈಲಿನೊಳಗೆ ಅಂಟಿಕೊಂಡು ಬರುತ್ತವೆ. ಎಲ್ಲ ಟ್ರ್ಯಾಕ್ ಆರಿಸಿ ರೆಂಡರ್ ವಿಂಡೊ ತೆರೆಯಿರಿ. ಸೋರ್ಸ್ ಜಾಗದಲ್ಲಿ ಸೆಲೆಕ್ಟೆಡ್ ಟ್ರ್ಯಾಕ್ಸ್ ಸ್ಟೆಮ್ಸ್, ಬೌಂಡ್ಸ್ ಜಾಗದಲ್ಲಿ ಎಂಟೈರ್ ಪ್ರಾಜೆಕ್ಟ್. ಫೈಲ್ ಹೆಸರಿನ ಜಾಗದಲ್ಲಿ ಡಾಲರ್ ಚಿಹ್ನೆ ಹಾಕಿ ಟ್ರ್ಯಾಕ್ ಎಂದು ಬರೆದರೆ ಟ್ರ್ಯಾಕಿನ ಹೆಸರೇ ಫೈಲಿನ ಹೆಸರಾಗುತ್ತದೆ. 48 ಕಿಲೊಹರ್ಟ್ಸ್, 24 ಬಿಟ್, ವೇವ್. ಮೊನೊ ಮೀಡಿಯಾ ಇರುವ ಟ್ರ್ಯಾಕನ್ನು ಮೊನೊ ಫೈಲೇ ಮಾಡು ಎನ್ನುವ ಟಿಕ್ ಒಂದಿದೆ, ಅದನ್ನು ಹಾಕಲೇಬೇಕು. ಇಲ್ಲದಿದ್ದರೆ ಭಾಗವತರ ಒಂದು ಮೈಕ್ ಸ್ಟೀರಿಯೊ ಆಗಿ ಬಂದು ಜಾಗ ಎರಡರಷ್ಟು ತಿನ್ನುತ್ತದೆ, ಮುಂದೆ ಹೇಳುವ ಮ್ಯಾಚಿಂಗ್ ಕೂಡ ಕೆಡುತ್ತದೆ.

ಜಾಗದ ಲೆಕ್ಕ ಬಾಯಿಪಾಠ ಇರಲಿ. 24 ಬಿಟ್, 48 ಕಿಲೊಹರ್ಟ್ಸ್ ಮೊನೊ ಎಂದರೆ ನಿಮಿಷಕ್ಕೆ 8.64 ಎಂಬಿ. ಮೂರು ಗಂಟೆಗೆ ಒಂದು ಚಾನೆಲ್ ಒಂದೂವರೆ ಜಿಬಿ ದಾಟುತ್ತದೆ, ಹನ್ನೊಂದಕ್ಕೆ ಸುಮಾರು 17 ಜಿಬಿ. ಮಾಮೂಲಿ ವೇವ್ ಫೈಲಿಗೆ 4 ಜಿಬಿ ಮಿತಿ ಇದೆ. ಬಿಡಿ ಮೊನೊ ಫೈಲುಗಳಿಗೆ ಅದು ತಾಗುವುದಿಲ್ಲ. ಹನ್ನೊಂದು ಚಾನೆಲನ್ನೂ ಒಂದೇ ಫೈಲಿಗೆ ತುಂಬುವವರು ಮಾತ್ರ ಮುಕ್ಕಾಲು ಗಂಟೆಗೆ ಆ ಗೋಡೆಗೆ ಹಾಯುತ್ತಾರೆ.

ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ನನಗೂ ಕನ್ನಡದಲ್ಲಿ ಇಡುವ ಆಸೆಯೇ. ಆದರೆ ಮ್ಯಾಕ್‌ನಲ್ಲಿ ಜಿಪ್ ಮಾಡಿ ವಿಂಡೋಸ್‌ನಲ್ಲಿ ಬಿಚ್ಚಿದಾಗ ಕನ್ನಡದ ಹೆಸರು ಕಲಸಿಹೋಗುವುದುಂಟು, ಆಗ ಯಾವುದು ಮದ್ದಳೆಯ ಬಲ, ಯಾವುದು ಎಡ ಎಂದು ಕೇಳಿಯೇ ಹುಡುಕಬೇಕು. ಇನ್ನೊಂದು ಮಾತು: ಹೋದ ಕೂಟದಲ್ಲಿ ಇಟ್ಟ ಹೆಸರನ್ನೇ ಒಂದಕ್ಷರ ಬದಲಿಸದೆ ಈ ಕೂಟಕ್ಕೂ ಇಡಬೇಕು. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಕತ್ತರಿಸುವ ಕೆಲಸವನ್ನು ರೀಪರಿನಲ್ಲಿ ಮಾಡಬೇಡಿ ಎಂದು ಕೇಳಿಕೊಂಡಿದ್ದೇನೆ. ಅಲ್ಲಿ ಕತ್ತರಿಸಿ ರೆಂಡರ್ ಮಾಡಿದರೆ ಕ್ರಾಸ್‌ಫೇಡ್ (ಒಂದು ತುಂಡು ಇಳಿಯುತ್ತಾ ಇನ್ನೊಂದು ಏರುವ ಬೆಸುಗೆ) ಫೈಲಿನೊಳಗೇ ಕೂತುಬಿಡುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಆದರೆ ಕೂಟದಲ್ಲಿ ಏನಾಯಿತು ಎಂದು ಗೊತ್ತಿರುವುದು ಅವರಿಗೇ. ಕರೆಂಟ್ ಹೋದದ್ದು, ಮೈಕ್ ಬಿದ್ದದ್ದು, ನಡುವೆ ಎದ್ದು ಸನ್ಮಾನ ಮಾಡಿದ್ದು ಎಲ್ಲವನ್ನೂ ಅವರು ಸಮಯದ ಸಮೇತ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಮಾರ್ಕರ್ ಎಕ್ಸ್‌ಪೋರ್ಟ್ ಮಾಡುವ ದಾರಿಗಳೂ ಇವೆ. ನನಗೆ ಈ ಪಟ್ಟಿಯೇ ವಾಸಿ, "1:12:40, ಮಗು ಅಳು, ಆದರೆ ಅರ್ಥ ಬಹಳ ಚೆನ್ನಾಗಿದೆ, ತೆಗೆಯಬೇಡಿ" ಎನ್ನುವುದನ್ನು ಮಾರ್ಕರ್ ಹೇಳುವುದಿಲ್ಲ.

ಪ್ರೊ ಟೂಲ್ಸ್‌ಗೆ ಇಳಿಸುವುದು

ಹೊಸ ಸೆಷನ್ ತೆರೆಯುವಾಗಲೇ 48 ಕಿಲೊಹರ್ಟ್ಸ್ ಆರಿಸಿ. ಪ್ರೊ ಟೂಲ್ಸ್ ಸೆಷನ್ನಿನ ಸ್ಯಾಂಪಲ್ ರೇಟನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಸೇವ್ ಕಾಪಿ ಇನ್ ಮಾಡಿ ಬೇರೆ ಸೆಷನ್ನೇ ಹುಟ್ಟಿಸಬೇಕು. 48ರ ಫೈಲನ್ನು ಪರಿವರ್ತಿಸದೆ 44.1ರ ಸೆಷನ್ನಿಗೆ ತುಂಬಿದರೆ ಒಂದು ಗಂಟೆಯ ಕೂಟ 65 ನಿಮಿಷ ಚಿಲ್ಲರೆ ಆಗುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗೆ ಇಳಿಯುತ್ತದೆ. ಭಾಗವತರ ಧ್ವನಿ ಗೊತ್ತಿದ್ದವರಿಗೆ ತಕ್ಷಣ ತಿಳಿಯುತ್ತದೆ. ಗೊತ್ತಿಲ್ಲದವರಿಗೆ "ಗಂಭೀರವಾಗಿದೆ" ಎನಿಸುವ ಅಪಾಯ ಇದೆ.

ಇಂಪೋರ್ಟ್ ಆಡಿಯೊ ವಿಂಡೊದಲ್ಲಿ ಆಡ್ ಬಿಟ್ಟು ಕಾಪಿ ಒತ್ತಿ. ಆಡ್ ಮಾಡಿದರೆ ಸೆಷನ್ ಪೆನ್‌ಡ್ರೈವಿನಲ್ಲಿರುವ ಫೈಲನ್ನೇ ಓದುತ್ತಿರುತ್ತದೆ, ಪೆನ್‌ಡ್ರೈವ್ ವಾಪಸ್ ಕೊಟ್ಟ ದಿನ ಎಲ್ಲ ಖಾಲಿ. ನ್ಯೂ ಟ್ರ್ಯಾಕ್, ಸೆಷನ್ ಸ್ಟಾರ್ಟ್ ಎಂದು ಹೇಳಿದರೆ ಹನ್ನೊಂದು ಚಾನೆಲೂ ಸೊನ್ನೆಗೆ ಬಂದು ಕೂರುತ್ತವೆ. ಕೂಟ ಶುರುವಾಗುವ ಮೊದಲು ಹೊಡೆದ ಒಂದು ಚಪ್ಪಾಳೆ ಇದ್ದರೆ ಎಲ್ಲ ಸಾಲಾಗಿವೆಯೇ ಎಂದು ಕಣ್ಣಿನಲ್ಲೇ ನೋಡಬಹುದು. ಮೈಕುಗಳ ದೂರದ ಕಾರಣ ಒಂದೆರಡು ಮಿಲಿಸೆಕೆಂಡ್ ಹಿಂದೆಮುಂದೆ ಇರುತ್ತದೆ, ಅದನ್ನು ಸರಿಪಡಿಸಲು ಹೋಗಬೇಡಿ.

ಗೆಳೆಯರು ರೀಪರಿನಲ್ಲಿ ಹಾಕಿದ ಒರಟು ಮಿಕ್ಸನ್ನೂ ಒಂದು ಸ್ಟೀರಿಯೊ ಫೈಲ್ ಮಾಡಿ ಕಳಿಸುತ್ತಾರೆ. ಅದನ್ನು ಮ್ಯೂಟ್ ಮಾಡಿದ ಟ್ರ್ಯಾಕಿನಲ್ಲಿ ಇಟ್ಟುಕೊಂಡು ಆಗಾಗ ಕೇಳುತ್ತೇನೆ. ಅವರ ಫೇಡರ್ ಮಟ್ಟವನ್ನೇ ಇಲ್ಲಿ ಇಟ್ಟರೂ ಭಾಗವತರು ಹಿಂದೆ ಸರಿದಂತೆ ಕೇಳಿಸಿದರೆ ಗಾಬರಿ ಬೇಡ. ಪ್ಯಾನ್ ಲಾ ಎಂದರೆ ಎಡಬಲ ತಿರುಗಿಸುವಾಗ ಮಟ್ಟ ಹೇಗೆ ಬದಲಾಗಬೇಕು ಎನ್ನುವ ನಿಯಮ; ರೀಪರಿನ ಡೀಫಾಲ್ಟ್ ಪ್ಯಾನ್ ಲಾದಲ್ಲಿ ನಡುವಿನಲ್ಲಿರುವ ಧ್ವನಿ ಇಳಿಯುವುದಿಲ್ಲ, ಪ್ರೊ ಟೂಲ್ಸ್‌ನಲ್ಲಿ 3 ಡಿಬಿ ಇಳಿಯುತ್ತದೆ. ಎಡಬಲಕ್ಕೆ ಪೂರ್ತಿ ತಿರುಗಿಸಿದ ಮದ್ದಳೆಗೆ ಹೋಲಿಸಿದರೆ ನಡುವಿನ ಧ್ವನಿ ಅಷ್ಟು ಹಿಂದೆ ಹೋಗಿರುತ್ತದೆ.

ಹಳೆ ಮಿಕ್ಸ್ ತರುವುದು

ಪ್ರೊ ಟೂಲ್ಸ್‌ಗೆ ನಾನು ದುಡ್ಡು ಕಟ್ಟುವುದಕ್ಕೆ ಒಂದೇ ಕಾರಣ ಹೇಳು ಎಂದರೆ ಇಂಪೋರ್ಟ್ ಸೆಷನ್ ಡೇಟಾ ಎನ್ನುತ್ತೇನೆ. ಮ್ಯಾಕ್‌ನಲ್ಲಿ ಆಪ್ಷನ್, ಶಿಫ್ಟ್, ಐ. ವಿಂಡೋಸ್‌ನಲ್ಲಿ ಆಲ್ಟ್, ಶಿಫ್ಟ್, ಐ. ಹೋದ ಕೂಟದ ಪಿಟಿಎಕ್ಸ್ ಫೈಲ್ ತೋರಿಸಿದರೆ ಅದರ ಟ್ರ್ಯಾಕುಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಎದುರು ಅದು ಎಲ್ಲಿಗೆ ಹೋಗಬೇಕು ಎಂದು ಆರಿಸಬಹುದು: ಹೊಸ ಟ್ರ್ಯಾಕಾಗಿಯೋ, ಈಗಾಗಲೇ ಇರುವ ಟ್ರ್ಯಾಕಿನ ಮೇಲೆಯೋ, ಅಥವಾ ಬೇಡವೋ. ಮ್ಯಾಚ್ ಟ್ರ್ಯಾಕ್ಸ್ ಗುಂಡಿ ಒತ್ತಿದರೆ ಒಂದೇ ಹೆಸರಿನವು ತಾವಾಗಿಯೇ ಜೋಡಿಯಾಗುತ್ತವೆ. ಹೆಸರು ಬದಲಿಸಬೇಡಿ ಎಂದದ್ದು ಇದಕ್ಕೇ. ರಿವರ್ಬಿನ ಆಕ್ಸ್, ಹಿಮ್ಮೇಳದ ಬಸ್, ಮಾಸ್ಟರ್, ಹೀಗೆ ಹಲವು ಟ್ರ್ಯಾಕಿನ ಧ್ವನಿ ಬಂದು ಸೇರುವ ದಾರಿಗಳೆಲ್ಲ ಹೊಸ ಸೆಷನ್ನಿನಲ್ಲಿ ಇಲ್ಲದ ಕಾರಣ ನ್ಯೂ ಟ್ರ್ಯಾಕ್ ಆಗಿ ಬರಲಿ.

ನಿಜವಾದ ವಿವೇಚನೆ ಬೇಕಾಗುವುದು ಟ್ರ್ಯಾಕ್ ಡೇಟಾ ಟು ಇಂಪೋರ್ಟ್ ಎನ್ನುವ ಪಟ್ಟಿಯಲ್ಲಿ. ಆಲ್ ಎಂದು ಬಿಟ್ಟರೆ ಹಳೆ ಕೂಟದ ಧ್ವನಿಯೂ ಬಂದು ಹೊಸದರ ಮೇಲೆ ಬೀಳುತ್ತದೆ. ಕ್ಲಿಪ್ಸ್ ಅಂಡ್ ಮೀಡಿಯಾ ತೆಗೆಯಿರಿ, ಪ್ಲೇಲಿಸ್ಟ್ ಜಾಗದಲ್ಲಿ ಡು ನಾಟ್ ಇಂಪೋರ್ಟ್ ಇಡಿ. ಪ್ಲಗಿನ್ ಅಸೈನ್‌ಮೆಂಟ್, ಪ್ಲಗಿನ್ ಸೆಟ್ಟಿಂಗ್, ಸೆಂಡ್ (ಟ್ರ್ಯಾಕಿನಿಂದ ರಿವರ್ಬಿನಂಥ ಕಡೆಗೆ ಧ್ವನಿ ಕಳಿಸುವ ದಾರಿ), ಔಟ್‌ಪುಟ್ ಇವು ಬೇಕು. ವಾಲ್ಯೂಮ್ ಸೆಟ್ಟಿಂಗ್ ಅಂಡ್ ಆಟೊಮೇಶನ್ ಬೇಡ. ಫೇಡರಿನ ಮಟ್ಟವೂ ಮೂರು ಗಂಟೆಯುದ್ದಕ್ಕೂ ಬರೆದ ಆಟೊಮೇಶನ್ನೂ (ಫೇಡರ್ ಎಲ್ಲೆಲ್ಲಿ ತಾನಾಗಿ ಏರಿಳಿಯಬೇಕು ಎನ್ನುವ ದಾಖಲೆ) ಒಂದೇ ಕಟ್ಟಾಗಿ ಬರುತ್ತವೆ. ಹೋದ ಸಲ ಯಾರೋ ಕೆಮ್ಮಿದರು ಎಂದು ಇಳಿಸಿದ ಜಾಗದಲ್ಲೇ ಈ ಸಲ ಭಾಗವತರು ಮೇಲಕ್ಕೆ ಹೋಗಿರುತ್ತಾರೆ. ಪ್ಲಗಿನ್ ಸೆಟ್ಟಿಂಗಿನ ಜೊತೆಗೂ ಆಟೊಮೇಶನ್ ಅಂಟಿಕೊಂಡೇ ಬರುತ್ತದೆ, ಸೆಂಡಿನದೂ ಹಾಗೆಯೇ. ಏರುಪದಕ್ಕೆ ಎಂದು ರಿವರ್ಬ್ ಸೆಂಡ್ ಏರಿಸಿದ್ದನ್ನು ಕೈಯಾರೆ ಅಳಿಸಿ ಮುಂದೆ ಹೋಗಿ.

ಆಪಲ್‌ನ ಲಾಜಿಕ್ ಸಾಫ್ಟ್‌ವೇರಿನಲ್ಲಿ ಈ ಕೆಲಸ ಬ್ರೌಸರ್‌ನ ಆಲ್ ಫೈಲ್ಸ್ ಒಳಗೆ ಅಡಗಿದೆ. ಹಳೆ ಪ್ರಾಜೆಕ್ಟನ್ನು ಆರಿಸಿ ಕೆಳಗಿನ ಇಂಪೋರ್ಟ್ ಒತ್ತಿದರೆ ಟ್ರ್ಯಾಕುಗಳ ಪಟ್ಟಿ, ಪ್ರತಿಯೊಂದಕ್ಕೂ ಕಂಟೆಂಟ್, ಪ್ಲಗಿನ್, ಸೆಂಡ್, ಐಒ, ಆಟೊಮೇಶನ್ ಎನ್ನುವ ಟಿಕ್‌ಗಳು. ಕಂಟೆಂಟ್ ಮತ್ತು ಆಟೊಮೇಶನ್ ಬಿಟ್ಟು ಉಳಿದದ್ದು ತರಬಹುದು. ನೋಡಲು ಪ್ರೊ ಟೂಲ್ಸ್‌ಗಿಂತ ಚೊಕ್ಕ, ಆಟೊಮೇಶನ್ ಪ್ರತ್ಯೇಕವಾಗಿರುವುದು ನಿಜಕ್ಕೂ ವಾಸಿ. ಆದರೆ ಇರುವ ಟ್ರ್ಯಾಕಿನ ಮೇಲೆ ಕೂರಿಸಲು ಅದನ್ನು ಆರಿಸಿ ರಿಪ್ಲೇಸ್ ಒತ್ತಬೇಕು, ಹನ್ನೊಂದು ಸಲ ಅದನ್ನೇ ಮಾಡುವ ತಾಳ್ಮೆ ನನಗಿಲ್ಲ.

ಕ್ಯೂಬೇಸ್‌ನಲ್ಲಿ ಫೈಲ್ ಮೆನುವಿನ ಇಂಪೋರ್ಟ್ ಕೆಳಗೆ ಟ್ರ್ಯಾಕ್ಸ್ ಫ್ರಮ್ ಪ್ರಾಜೆಕ್ಟ್ ಇದೆ, ಟ್ರ್ಯಾಕ್ ಆರ್ಕೈವ್ ಎನ್ನುವುದೂ ಇದೆ. ಸ್ಟುಡಿಯೊ ಒನ್‌ನಲ್ಲಿ ಇಂಪೋರ್ಟ್ ಸಾಂಗ್ ಡೇಟಾ.

ರೀಪರ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಎರಡು ಪ್ರಾಜೆಕ್ಟನ್ನು ಎರಡು ಟ್ಯಾಬಿನಲ್ಲಿ ತೆರೆದು ಟ್ರ್ಯಾಕನ್ನು ಕಾಪಿ ಮಾಡಿ ಇತ್ತ ಪೇಸ್ಟ್ ಮಾಡಬಹುದು. ಇನ್ನೂ ಅಚ್ಚುಕಟ್ಟಾಗಿ ಬೇಕೆಂದರೆ ಎಲ್ಲ ಟ್ರ್ಯಾಕನ್ನೂ ಒಟ್ಟಿಗೆ ಆರಿಸಿ ಟ್ರ್ಯಾಕ್ ಟೆಂಪ್ಲೇಟ್ ಎಂದು ಉಳಿಸಿ. ಐಟಂ (ಧ್ವನಿಯ ತುಂಡು) ಸೇರಿಸಬೇಕೆ, ಎನ್ವಲಪ್ (ಆಟೊಮೇಶನ್) ಸೇರಿಸಬೇಕೆ ಎಂದು ಅದೇ ಕೇಳುತ್ತದೆ, ಎರಡಕ್ಕೂ ಬೇಡ ಎನ್ನಿ. ಒಟ್ಟಿಗೆ ಉಳಿಸಿದ ಟ್ರ್ಯಾಕುಗಳ ನಡುವಿನ ಸೆಂಡ್ ಕೂಡ ಉಳಿಯುತ್ತದೆ. ಒಳ್ಳೆಯದೇ. ಆದರೆ ಟೆಂಪ್ಲೇಟ್ ಎಂದರೆ ಮೊದಲೇ ಯೋಚಿಸಿ ಉಳಿಸಿಟ್ಟಿರಬೇಕು, ಇಂಪೋರ್ಟ್ ಸೆಷನ್ ಡೇಟಾಗೆ ಮುಂದಾಲೋಚನೆ ಬೇಕಿಲ್ಲ. ಮೂರು ವರ್ಷ ಹಳೆಯ ಸೆಷನ್ನಿನಲ್ಲಿ ಮದ್ದಳೆ ಚೆನ್ನಾಗಿ ಕೇಳಿತ್ತಲ್ಲ ಎಂದು ನೆನಪಾದರೆ ಆ ಒಂದು ಟ್ರ್ಯಾಕನ್ನು ಮಾತ್ರ ಕರೆಸಿಕೊಳ್ಳಬಹುದು.

ಗೆಳೆಯರ ರೀಪರಿನಿಂದ ಪ್ಲಗಿನ್ ಸೆಟ್ಟಿಂಗನ್ನೇ ತರಬೇಕಾದರೂ ಒಂದು ಸಂದಿ ಇದೆ. ಪ್ರೊ ಟೂಲ್ಸ್ ಎಎಎಕ್ಸ್ ಬಿಟ್ಟು ಬೇರೆ ಬಗೆಯ ಪ್ಲಗಿನ್ ತೆರೆಯುವುದಿಲ್ಲ, ಲಾಜಿಕ್‌ಗೆ ಎಯು, ಕ್ಯೂಬೇಸ್‌ಗೆ ವಿಎಸ್‌ಟಿ. ಆದರೆ ಫ್ಯಾಬ್‌ಫಿಲ್ಟರ್‌ನಂಥ ಕಂಪನಿಗಳ ಪ್ಲಗಿನ್‌ಗಳು ಪ್ರೀಸೆಟ್ಟನ್ನು ತಮ್ಮದೇ ಫೈಲಾಗಿ ಉಳಿಸುತ್ತವೆ, ಆ ಫೈಲ್ ಎಲ್ಲ ಕಡೆ ತೆರೆಯುತ್ತದೆ. ಸಾಫ್ಟ್‌ವೇರಿನ ಪ್ರೀಸೆಟ್ ಮೆನು ಬಿಟ್ಟು ಪ್ಲಗಿನ್ನಿನ ಒಳಗಿನ ಮೆನುವಿನಿಂದ ಉಳಿಸಲು ಹೇಳಿ.

ಕತ್ತರಿ ಹಾಕುವುದು

ಎಡಿಟಿಂಗ್ ವಿಷಯ ಬಂದಾಗ ನನ್ನ ಪಕ್ಷ ಅಷ್ಟು ಗಟ್ಟಿಯಾಗಿಲ್ಲ. ತಾಳಮದ್ದಳೆಯಲ್ಲಿ ಎಲ್ಲರೂ ಹತ್ತಿರ ಹತ್ತಿರ ಕೂತಿರುತ್ತಾರೆ, ಒಬ್ಬರ ಮೈಕಿನಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ. ಒಂದು ಟ್ರ್ಯಾಕಿನಲ್ಲಿ ಕತ್ತರಿಸಿದರೆ ಉಳಿದ ಹತ್ತರಲ್ಲಿ ಅದೇ ಧ್ವನಿ ಉಳಿದು ದೆವ್ವದ ಹಾಗೆ ಕೇಳುತ್ತದೆ. ಆದ್ದರಿಂದ ಮೊದಲ ಕೆಲಸ ಎಲ್ಲ ಟ್ರ್ಯಾಕನ್ನೂ ಒಂದು ಎಡಿಟ್ ಗ್ರೂಪಿಗೆ ಸೇರಿಸುವುದು. ಪ್ರೊ ಟೂಲ್ಸ್‌ನಲ್ಲಿ ಕಮಾಂಡ್ ಜಿ. ರೀಪರಿನಲ್ಲಿ ಐಟಂಗಳನ್ನು ಆರಿಸಿ ಜಿ.

ಸನ್ಮಾನದ ಇಪ್ಪತ್ತು ನಿಮಿಷ ತೆಗೆದು ಮುಂದಿನದನ್ನು ಹಿಂದಕ್ಕೆ ಎಳೆಯಬೇಕಾದರೆ ಪ್ರೊ ಟೂಲ್ಸ್‌ನಲ್ಲಿ ಶಫಲ್ ಮೋಡ್, ರೀಪರಿನಲ್ಲಿ ರಿಪಲ್ ಎಡಿಟ್. ಇಲ್ಲಿ ರೀಪರಿಗೇ ನನ್ನ ಮತ. ರಿಪಲ್ ಐಕಾನನ್ನು ಎರಡು ಸಲ ಒತ್ತಿದರೆ ಎಲ್ಲ ಟ್ರ್ಯಾಕೂ ಒಟ್ಟಿಗೆ ಸರಿಯುತ್ತವೆ, ಗ್ರೂಪ್ ಮಾಡಿದ್ದೀರೋ ಇಲ್ಲವೋ ಎನ್ನುವ ಚಿಂತೆ ಇಲ್ಲ. ಪ್ರೊ ಟೂಲ್ಸ್‌ನ ಶಫಲ್‌ನಲ್ಲಿ ಗ್ರೂಪಿನ ಹೊರಗೆ ಉಳಿದ ಒಂದು ಟ್ರ್ಯಾಕ್ ಇದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ. ದೊಡ್ಡ ಕಡಿತ ಮುಗಿದ ಕೂಡಲೇ ಕಮಾಂಡ್ ಒತ್ತಿ ಶಫಲ್ ಗುಂಡಿ ಕ್ಲಿಕ್ ಮಾಡಿ ಅದಕ್ಕೆ ಬೀಗ ಹಾಕಿ, ಉಳಿದದ್ದೆಲ್ಲ ಸ್ಲಿಪ್ ಮೋಡ್‌ನಲ್ಲಿ ಮಾಡಿ, ಅಲ್ಲಿ ಒಂದು ತುಂಡು ಸರಿಸಿದರೆ ಮುಂದಿನವು ಅಲುಗುವುದಿಲ್ಲ. ಗ್ರಿಡ್ ಮೋಡ್ ಇಲ್ಲಿ ದಂಡ, ಭಾಗವತರ ಲಯಕ್ಕೆ ಯಾವ ಗ್ರಿಡ್ಡೂ ಹೊಂದುವುದಿಲ್ಲ.

ಸಣ್ಣ ಕಡಿತಕ್ಕೆ ಜಾಗ ಹುಡುಕುವುದು ಚೆಂಡೆ ಮದ್ದಳೆ ಇರುವಾಗ ಸುಲಭ. ಪೆಟ್ಟು ಬೀಳುವ ಕೂದಲೆಳೆ ಮುಂಚೆ ಕತ್ತರಿಸಿದರೆ ಪೆಟ್ಟೇ ಗಾಯವನ್ನು ಮುಚ್ಚುತ್ತದೆ. ಪ್ರೊ ಟೂಲ್ಸ್‌ನಲ್ಲಿ ಟ್ಯಾಬ್ ಟು ಟ್ರಾನ್ಸಿಯೆಂಟ್ ಹಾಕಿ ಟ್ಯಾಬ್ ಒತ್ತುತ್ತಾ ಹೋದರೆ ಕರ್ಸರ್ ಪೆಟ್ಟಿನಿಂದ ಪೆಟ್ಟಿಗೆ ಹಾರುತ್ತದೆ. ರೀಪರಿನಲ್ಲೂ ಟ್ಯಾಬ್ ಅದೇ ಕೆಲಸ ಮಾಡುತ್ತದೆ, ಎಸ್ ಒತ್ತಿದರೆ ತುಂಡು. ಪ್ರೊ ಟೂಲ್ಸ್‌ನಲ್ಲಿ ಕೀಬೋರ್ಡ್ ಫೋಕಸ್ ಹಾಕಿಕೊಂಡರೆ ಬಿ ಒತ್ತಿ ತುಂಡು ಮಾಡಿ, ಎ ಮತ್ತು ಎಸ್ ಒತ್ತಿ ಎಡಬಲ ಸವರಿ, ಎಫ್ ಒತ್ತಿ ಕ್ರಾಸ್‌ಫೇಡ್ ಹಾಕಬಹುದು. ಎಡಗೈ ಒಂದೇ ಜಾಗದಲ್ಲಿ ಇರುತ್ತದೆ. ಇದನ್ನು ಒಮ್ಮೆ ರೂಢಿ ಮಾಡಿಕೊಂಡವರು ಬೇರೆ ಸಾಫ್ಟ್‌ವೇರಿಗೆ ಹೋಗಿ ಗೊಣಗುವುದು ಸಹಜ.

ಕಷ್ಟ ಇರುವುದು ಶ್ರುತಿಯಲ್ಲಿ. ಪೆಟ್ಟಿಗೆಯ ಲೈನ್ ಬೇರೆ ಟ್ರ್ಯಾಕಿನಲ್ಲಿದ್ದರೂ ಅದರ ಸದ್ದು ಸ್ಪೀಕರಿನಿಂದ ಹೊರಟು ಎಲ್ಲ ಮೈಕಿಗೂ ತುಂಬಿರುತ್ತದೆ. ನಡುವೆ ಒಂದು ಸೆಕೆಂಡ್ ತೆಗೆದು ಜೋಡಿಸಿದಾಗ ಎಡ ತುಂಡಿನ ಅಲೆ ಮೇಲೆ ಏರುತ್ತಿದ್ದರೆ ಬಲ ತುಂಡಿನದು ಇಳಿಯುತ್ತಿರಬಹುದು, ಎಷ್ಟೇ ಉದ್ದದ ಕ್ರಾಸ್‌ಫೇಡ್ ಹಾಕಿದರೂ ನಡುವೆ ಶ್ರುತಿ ಒಮ್ಮೆ ಕುಸಿದು ಏಳುತ್ತದೆ. ನಾನು ಮಾಡುವುದು ಇಷ್ಟು. ಕಪ್ಪು ಎರಡು, ಅಂದರೆ ಡಿ ಶಾರ್ಪ್ ಷಡ್ಜ, 311 ಹರ್ಟ್ಸ್ ಎಂದಿಟ್ಟುಕೊಳ್ಳಿ. ಒಂದು ಅಲೆಗೆ ಸುಮಾರು 3.2 ಮಿಲಿಸೆಕೆಂಡ್. ಪಂಚಮವೂ ಕೂಡಿದ್ದರೆ ಎರಡೂ ಮತ್ತೆ ಒಟ್ಟಿಗೆ ಸೇರಲು ಅದರ ಎರಡರಷ್ಟು, 6.4. ಅಂದರೆ ಬಲಗಡೆಯ ಎಲ್ಲ ತುಂಡನ್ನೂ ಒಟ್ಟಿಗೆ ಹೆಚ್ಚೆಂದರೆ ಆರೂವರೆ ಮಿಲಿಸೆಕೆಂಡ್ ಸರಿಸಿದರೆ ಎಲ್ಲೋ ಒಂದು ಕಡೆ ಅಲೆಗಳು ಕೂಡಲೇಬೇಕು. ನಜ್ ಮೌಲ್ಯ (ಒಂದು ಒತ್ತಿಗೆ ತುಂಡು ಎಷ್ಟು ಸರಿಯಬೇಕು ಎನ್ನುವುದು) 10 ಸ್ಯಾಂಪಲ್‌ಗೆ ಇಟ್ಟು, ಪ್ಲಸ್ ಮೈನಸ್ ಒತ್ತುತ್ತಾ ಕೇಳಿ. ಕೂಡಿದ ಜಾಗದಲ್ಲಿ ಈಕ್ವಲ್ ಗೇನ್ ಕ್ರಾಸ್‌ಫೇಡ್, ಈಕ್ವಲ್ ಪವರ್ ಹಾಕಿದರೆ ಶ್ರುತಿ ಉಬ್ಬುತ್ತದೆ. ಆರು ಮಿಲಿಸೆಕೆಂಡಿನ ವ್ಯತ್ಯಾಸ ಲಯದಲ್ಲಿ ಯಾರಿಗೂ ತಿಳಿಯದು.

ಸ್ಟುಡಿಯೊದಲ್ಲಿ ಪದ್ಯಗಳನ್ನು ಹಲವು ಟೇಕ್ ಹಾಡಿಸಿ ಆರಿಸುವ ಕೆಲಸವಾದರೆ ನಾನು ಲಾಜಿಕ್ ಕಡೆ. ಟೇಕ್ ಫೋಲ್ಡರ್ ತೆರೆದು ಬೇಕಾದ ಸಾಲಿನ ಮೇಲೆ ಮೌಸ್ ಎಳೆದರೆ ಮುಗಿಯಿತು. 2023ರಲ್ಲಿ ಬಂದ ರೀಪರ್ 7 ಕೂಡ ಫಿಕ್ಸೆಡ್ ಐಟಂ ಲೇನ್ ಎಂದು ಇದಕ್ಕೆ ಸಮೀಪದ್ದನ್ನು ತಂದಿತು. ಪ್ರೊ ಟೂಲ್ಸ್‌ನ ಪ್ಲೇಲಿಸ್ಟ್ ಗಟ್ಟಿಮುಟ್ಟು, ಆದರೆ ಕೈಕೆಲಸ ಜಾಸ್ತಿ.

ವಿಡಿಯೊ ಇದ್ದರೆ

ಈಗ ಬಹಳ ಕೂಟಗಳಿಗೆ ಕ್ಯಾಮೆರಾ ಬರುತ್ತದೆ. ವಿಡಿಯೊ ಎಡಿಟರ್ ಪ್ರೀಮಿಯರ್‌ನಲ್ಲೋ ರಿಸಾಲ್ವ್‌ನಲ್ಲೋ ಕತ್ತರಿಸಿ ಎಎಎಫ್ ಕಳಿಸುತ್ತಾರೆ. ಓಎಂಎಫ್ ಕೇಳಬೇಡಿ, ಅದು ಹಳೆಯದು, 2 ಜಿಬಿ ಮಿತಿ ಬೇರೆ. ಫೈನಲ್ ಕಟ್ ಪ್ರೊ ತಾನಾಗಿ ಎಎಎಫ್ ಕೊಡುವುದಿಲ್ಲ, ಎಕ್ಸ್‌ಟೂಪ್ರೊ ಎಂಬ ಬೇರೆ ಆ್ಯಪ್ ಬೇಕು. ಎಡಿಟರಿಗೆ ಎರಡೇ ಮಾತು ಹೇಳಿ: ಪ್ರತಿ ತುಂಡಿನ ಎರಡೂ ಬದಿಗೆ ಹ್ಯಾಂಡಲ್ (ಕತ್ತರಿಸಿದ ಜಾಗದ ಆಚೆಗಿನ ಸ್ವಲ್ಪ ಧ್ವನಿ) ಬಿಡಿ, ಫ್ರೇಮ್ ರೇಟ್ ಎಷ್ಟೆಂದು ಬರೆದು ಕಳಿಸಿ. 24 ಮತ್ತು 23.976ರ ಗೊಂದಲದಲ್ಲಿ ಗಂಟೆಗೆ 3.6 ಸೆಕೆಂಡ್ ತಪ್ಪುತ್ತದೆ. ತುಟಿ ಒಂದು ಕಡೆ, ಅರ್ಥ ಇನ್ನೊಂದು ಕಡೆ.

ಏಬಲ್ಟನ್ ಲೈವ್ ಬಳಸುವವರು ಉದ್ದ ಫೈಲ್ ಎಳೆದು ಹಾಕುವ ಮೊದಲು ಆಟೊ ವಾರ್ಪ್ ಲಾಂಗ್ ಸ್ಯಾಂಪಲ್ಸ್ ಆಫ್ ಮಾಡಿ. ಇಲ್ಲದಿದ್ದರೆ ಅದು ಕೂಟಕ್ಕೆ ತಾನೇ ಒಂದು ಟೆಂಪೊ ಊಹಿಸಿ ಹಿಗ್ಗಿಸಿ ಕುಗ್ಗಿಸಿಬಿಡುತ್ತದೆ.

ಸಾಫ್ಟ್‌ವೇರುಗಳ ನಡುವೆ ಪ್ಲಗಿನ್ ಸ್ಥಿತಿಯನ್ನೂ ಒಯ್ಯುವ ಪ್ರಯತ್ನ ಒಂದು ಈಗ ನಡೆದಿದೆ. ಬಿಟ್‌ವಿಗ್ ಮತ್ತು ಸ್ಟುಡಿಯೊ ಒನ್ ಮಾಡಿದ ಪ್ರಿಸೋನಸ್ ಸೇರಿ 2023ರಲ್ಲಿ ಡಿಎಡಬ್ಲ್ಯು ಪ್ರಾಜೆಕ್ಟ್ ಎನ್ನುವ ಮುಕ್ತ ಫಾರ್ಮ್ಯಾಟ್ ಬಿಟ್ಟವು, ಕ್ಯೂಬೇಸ್ 14 ಅದನ್ನು ಸೇರಿಸಿಕೊಂಡಿತು. ಬಿಟ್‌ವಿಗ್, ಸ್ಟುಡಿಯೊ ಒನ್, ಕ್ಯೂಬೇಸ್ ಈ ಮೂರರ ನಡುವೆ ಓಡಾಡುವವರು ಇದನ್ನೇ ಬಳಸಿ.

ಕೊನೆಗೆ ಡಿಸ್ಕಿಗೆ ಹೋಗುವುದು: ಸೊನ್ನೆಯಿಂದ ಶುರುವಾಗುವ ವೇವ್ ಫೈಲುಗಳು, ಗೆಳೆಯರ ಆರ್‌ಪಿಪಿ, ನನ್ನ ಪಿಟಿಎಕ್ಸ್ ಮತ್ತು ಅದರ ಆಡಿಯೊ ಫೈಲ್ಸ್ ಫೋಲ್ಡರ್, ಪ್ಲಗಿನ್ನುಗಳ ಹೆಸರು ಮತ್ತು ಆವೃತ್ತಿ ಬರೆದ ಒಂದು ಪಠ್ಯ ಫೈಲ್, ಆ ವಾಟ್ಸಾಪ್ ಪಟ್ಟಿ. ಪರದೆಯ ಮೇಲೆ ಅಲೆಯ ಚಿತ್ರ ತೋರಿಸಲು ಇರುವ ವೇವ್ ಕ್ಯಾಷ್ ಫೈಲನ್ನು ಇಡಬೇಕಿಲ್ಲ, ಪ್ರೊ ಟೂಲ್ಸ್ ಅದನ್ನು ಮತ್ತೆ ತಾನೇ ಮಾಡಿಕೊಳ್ಳುತ್ತದೆ.